ಪ್ರಭುವಿನ ಸಹೋದರನಾದ ಯಾಕೋಬನು

ಕ್ರೈಸ್ತ ಸಾಹಿತ್ಯದಲ್ಲಿ ಅತಿ ಪ್ರಾಚೀನವಾದುವು ನಾಲ್ಕು ಸುವಾರ್ತೆಗಳಲ್ಲ, ಪೌಲನ ಪತ್ರಿಕೆಗಳು. ಆತನ ಹೆಸರಿನಲ್ಲಿ ನಡೆದು ಬಂದಿರುವ ಹದಿಮೂರರಲ್ಲಿ ಏಳು ಆತನವೇ ಎಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಇವುಗಳ ಕಾಲ ಸುಮಾರು ಕ್ರಿ. ಶ. ೫೦ರಿಂದ ೬೦. ಈ ಏಳರಲ್ಲಿ ಯೇಸುವಿನ ಸಾಮ್ಯಗಳಿಲ್ಲ, ಗಲಿಲಾಯದ ಹೆಸರಿಲ್ಲ, ಪಿಲಾತನ ಸುದ್ದಿಯಿಲ್ಲ. ಪೌಲನ ಕ್ರಿಸ್ತನು ಕೇವಲ ದೇವತೆಯೇ ಹೊರತು ಭೂಮಿಯ ಮೇಲೆ ನಡೆದಾಡಿದ ಮನುಷ್ಯನಲ್ಲವೆಂದು ಜರ್ಮನಿಯ ಆರ್ಥರ್ ಡ್ರೆವ್ಸ್ ೧೯೦೯ರಲ್ಲಿ ವಾದಿಸಿದನು. ೨೦೧೪ರಲ್ಲಿ ರಿಚರ್ಡ್ ಕ್ಯಾರಿಯರ್ ಅದೇ ಪಕ್ಷವನ್ನು ವಿಸ್ತಾರವಾಗಿ ಪ್ರತಿಪಾದಿಸಿದನು.

ಈ ಪಕ್ಷಕ್ಕೆ ದೊಡ್ಡ ತೊಡಕಾಗಿರುವುದು ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದ ಒಂದು ಮಾತು. ತಾನು ಯೆರೂಸಲೇಮಿಗೆ ಹೋಗಿ ಕೇಫನೊಡನೆ ಹದಿನೈದು ದಿನ ಇದ್ದುದನ್ನೂ, ಉಳಿದವರಲ್ಲಿ ಪ್ರಭುವಿನ ಸಹೋದರನಾದ ಯಾಕೋಬನನ್ನು ಮಾತ್ರ ಕಂಡುದನ್ನೂ ಪೌಲನು ಅಲ್ಲಿ ಹೇಳುತ್ತಾನೆ. ಮೂಲದಲ್ಲಿರುವ ಗ್ರೀಕ್ ಶಬ್ದ 'ಅಡೆಲ್ಫೋಸ್', ಎಂದರೆ ಒಂದೇ ಗರ್ಭದವನು. ನಮ್ಮ 'ಸಹೋದರ' ಶಬ್ದದ ವ್ಯುತ್ಪತ್ತಿಯೂ ಇದೇ. ಎರಡೂ ಭಾಷೆಗಳಲ್ಲಿ ಈ ಶಬ್ದ ರಕ್ತಸಂಬಂಧವನ್ನು ಮೀರಿ ಬೆಳೆದಿದೆ. ಪೌಲನಂತೂ ವಿಶ್ವಾಸಿಗಳೆಲ್ಲರನ್ನೂ ಸಹೋದರರೆಂದೇ ಕರೆಯುತ್ತಾನೆ. ಆದಕಾರಣ ಇಲ್ಲಿಯೂ ಅರ್ಥ ಅಷ್ಟೇ ಎಂಬುದು ಪೂರ್ವಪಕ್ಷ.

ಇದು ನಿಲ್ಲುವಂತೆ ತೋರುವುದಿಲ್ಲ. ತಿಮೊಥೆಯ, ಸೊಸ್ಥೆನ, ಅಪೊಲ್ಲೋಸರು ಪೌಲನಿಗೆ ಬರಿಯ 'ಸಹೋದರ'ರು. ಅವರಲ್ಲಿ ಒಬ್ಬನಿಗೂ 'ಪ್ರಭುವಿನ' ಎಂಬ ವಿಶೇಷಣವಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಅಪೊಸ್ತಲರು, ಪ್ರಭುವಿನ ಸಹೋದರರು, ಕೇಫ ಎಂದು ಬೇರೆಬೇರೆಯಾಗಿ ಎಣಿಸಲಾಗಿದೆ. ವಿಶ್ವಾಸಿಗಳೆಲ್ಲರೂ ಪ್ರಭುವಿನ ಸಹೋದರರಾದರೆ ಕೇಫನು ಹೊರಗುಳಿಯುವುದೇಕೆ? ಅಪೊಸ್ತಲರಲ್ಲದವರಿಗೆ ಮಾತ್ರ ಆ ಹೆಸರೆಂದು ಕ್ಯಾರಿಯರನ ಸಮಾಧಾನ. ಆದರೆ ಅಂತಹ ಪ್ರಯೋಗಕ್ಕೆ ಬೇರೆಡೆಯಲ್ಲಿ ಆಧಾರವಿಲ್ಲ. ಮೂರನೆಯ ಶತಮಾನದ ಓರಿಗೆನನು ಸೆಲ್ಸಸನ ಖಂಡನೆಯಲ್ಲಿ ಯಾಕೋಬನಿಗೆ ಈ ಹೆಸರು ರಕ್ತಸಂಬಂಧಕ್ಕಿಂತ ಹೆಚ್ಚಾಗಿ ಶೀಲದಿಂದ ಬಂದಿತೆಂದು ಹೇಳಿರುವುದು ನಿಜ. ಆದರೆ ಮತ್ತಾಯನ ಸುವಾರ್ತೆಯ ವ್ಯಾಖ್ಯಾನದಲ್ಲಿ ಆತನೇ ಯೇಸುವಿನ ಸಹೋದರರು ಯೋಸೇಫನ ಮೊದಲ ಹೆಂಡತಿಯ ಮಕ್ಕಳೆಂಬ ಸಂಪ್ರದಾಯವನ್ನು ಎತ್ತಿಹಿಡಿದಿದ್ದಾನೆ. ಒಡಹುಟ್ಟಿದವನೋ, ಮಲತಾಯಿಯ ಮಗನೋ, ಹಿಯೆರೋನಿಮನು ೩೮೩ರ ಸುಮಾರಿಗೆ ವಾದಿಸಿದಂತೆ ದಾಯಾದಿಯೋ ಎಂಬ ಜಗಳ ಮತಶಾಸ್ತ್ರಕ್ಕೆ ಸೇರಿದುದು. ಇತಿಹಾಸಕಾರನಿಗೆ ಮೂರರಲ್ಲಿ ಯಾವುದಾದರೂ ಸಾಕು: ಬಂಧುಗಳಿದ್ದವನು ಮನುಷ್ಯನೇ.

ಇದಕ್ಕಿಂತ ಮುಖ್ಯವಾದುದು ಪೌಲನ ಪ್ರಯೋಜನ. ತನ್ನ ಉಪದೇಶ ಮನುಷ್ಯರಿಂದ ಬಂದುದಲ್ಲವೆಂದು ಸ್ಥಾಪಿಸುವುದೇ ಆ ಅಧ್ಯಾಯದ ಉದ್ದೇಶ. ಮುಂದಿನ ಅಧ್ಯಾಯದಲ್ಲಿ ಯಾಕೋಬನ ಕಡೆಯವರು ಅಂತಿಯೋಕ್ಯಕ್ಕೆ ಬಂದಮೇಲೆ ಊಟದ ಪಂಕ್ತಿ ಒಡೆದುದನ್ನು ಆತನು ಕಹಿಯಾಗಿ ನೆನೆಯುತ್ತಾನೆ. ಯಾಕೋಬಾದಿಗಳನ್ನು ಸ್ತಂಭಗಳೆನಿಸಿಕೊಂಡವರೆಂದು ಕರೆಯುವಾಗಲೂ ಧ್ವನಿ ಅಷ್ಟು ಆದರದ್ದಲ್ಲ. ಯೇಸುವಿನ ಬಂಧುವೆಂಬ ಹಿರಿಮೆಯನ್ನು ಇಂತಹ ಪ್ರತಿಸ್ಪರ್ಧಿಗೆ ಪೌಲನು ತಾನಾಗಿ ಕಟ್ಟಿಕೊಡಲಾರನು. ಅಲ್ಲದೆ, ಸಾಮಾನ್ಯ ಗಣನೆಯಂತೆ ಈ ಭೇಟಿಯ ಕಾಲದಲ್ಲಿ ಜೆಬೆದಾಯನ ಮಗನಾದ ಮತ್ತೊಬ್ಬ ಯಾಕೋಬನು ಇನ್ನೂ ಬದುಕಿದ್ದನು. ಇಬ್ಬರನ್ನು ಬೇರ್ಪಡಿಸಲು ಎಲ್ಲರೂ ಬಳಸುತ್ತಿದ್ದ ಗುರುತನ್ನೇ ಆತನು ಬಳಸಿದ್ದಾನೆ.

ಯೆಹೂದ್ಯ ಇತಿಹಾಸಕಾರ ಜೋಸೀಫಸನು ತನ್ನ 'ಪ್ರಾಚೀನ ವೃತ್ತಾಂತ'ದ ಇಪ್ಪತ್ತನೆಯ ಪುಸ್ತಕದಲ್ಲಿ, ಕ್ರಿಸ್ತನೆನಿಸಿಕೊಂಡ ಯೇಸುವಿನ ಸಹೋದರ ಯಾಕೋಬನನ್ನು ಮಹಾಯಾಜಕ ಅನಾನಸನು ಕಲ್ಲೆಸೆದು ಕೊಲ್ಲಲು ಒಪ್ಪಿಸಿದುದನ್ನು ಬರೆದಿದ್ದಾನೆ. ಈ ವಿಶೇಷಣ ಪ್ರಕ್ಷಿಪ್ತವೆಂಬವರೂ ಉಂಟು; ಬಹುಜನ ವಿದ್ವಾಂಸರು ಅದನ್ನು ಮೂಲವೆಂದೇ ಎಣಿಸುತ್ತಾರೆ. ಘಟನೆ ನಡೆದುದು ೬೨ರಲ್ಲಿ. ೩೭ರಲ್ಲಿ ಯೆರೂಸಲೇಮಿನ ಯಾಜಕರ ಮನೆತನದಲ್ಲಿ ಹುಟ್ಟಿದ ಜೋಸೀಫಸನಿಗೆ ಆಗ ಸುಮಾರು ಇಪ್ಪತ್ತೈದು ವರ್ಷ.