ನಾಡಿಯಿಲ್ಲದ ಹರಿವು, ಸೋರುವ ಕರುಳು: ಒಂದು ಕಾರಣವಿವರಣೆಯ ಮರುಪರಿಶೀಲನೆ

ಸೋತ ಹೃದಯಕ್ಕೆ ಆಸರೆಯಾಗಿ ಎದೆಯೊಳಗೆ ಕೂರಿಸುವ ನಿರಂತರ ಹರಿವಿನ ಪಂಪ್‌ಗಳು (ಎಲ್‌ವ್ಯಾಡ್) ಬಳಕೆಗೆ ಬಂದ ಮೇಲೆ ವೈದ್ಯರ ಮುಂದೆ ಒಂದು ಒಗಟು ನಿಂತಿತು. ಪಂಪ್ ಚೆನ್ನಾಗಿ ನಡೆಯುತ್ತಿರುವ, ಮನೆಗೆ ಹೋಗಿ ಓಡಾಡಿಕೊಂಡಿರುವ ರೋಗಿಗಳಲ್ಲಿ ಹಲವರು ಕರುಳಿನ ರಕ್ತಸ್ರಾವದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರತೊಡಗಿದರು. ಇದಕ್ಕೆ ಬೇಗ ಒಪ್ಪಿಗೆ ಪಡೆದ ವಿವರಣೆ ಹೀಗಿದೆ: ಈ ಪಂಪ್‌ಗಳು ನಾಡಿಮಿಡಿತವನ್ನು ಅಳಿಸುತ್ತವೆ, ಮಿಡಿತವಿಲ್ಲದ ಹರಿವಿಗೆ ಕರುಳಿನ ನಾಳಗಳು ವಿಕಾರಗೊಳ್ಳುತ್ತವೆ, ವಿಕಾರಗೊಂಡ ನಾಳಗಳು ಸೋರುತ್ತವೆ. ಮಿಡಿತಕ್ಕೆ ಇಲ್ಲಿ ಪಾತ್ರವೇ ಇಲ್ಲವೆಂದು ನನ್ನ ವಾದವಲ್ಲ. ಅದಕ್ಕೆ ಕೊಟ್ಟಿರುವ ಮೊದಲ ಸ್ಥಾನವನ್ನು ಸಾಕ್ಷ್ಯ ಸಮರ್ಥಿಸುವುದಿಲ್ಲ ಎಂಬುದಷ್ಟೇ ವಾದ.

ಹಿನ್ನೆಲೆಯನ್ನು ಬೇಗ ಮುಗಿಸಬಹುದು. 1953ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಯಶಸ್ವಿ ಶಸ್ತ್ರಚಿಕಿತ್ಸೆ ಮಾಡಿದರು. 1969ರ ಏಪ್ರಿಲ್ 4ರಂದು ಹ್ಯೂಸ್ಟನ್ನಿನಲ್ಲಿ ಡೆಂಟನ್ ಕೂಲಿ ಅವರು ಡೊಮಿಂಗೊ ಲಿಯೋಟಾ ರೂಪಿಸಿದ ಕೃತಕ ಹೃದಯವನ್ನು ಮೊದಲ ಬಾರಿಗೆ ಮನುಷ್ಯನಿಗೆ ಅಳವಡಿಸಿದರು. ಆ ಕಾಲದ ಕೃತಕ ಹೃದಯಗಳು ಸಹಜ ಹೃದಯದ ಹಾಗೆ ತುಂಬಿಕೊಂಡು ದೂಡುವಂಥವು. 2001ರಲ್ಲಿ ಪ್ರಕಟವಾದ ರೀಮ್ಯಾಚ್ ಪ್ರಯೋಗದ 129 ರೋಗಿಗಳಲ್ಲಿ, ಮಿಡಿಯುವ ಹಾರ್ಟ್‌ಮೇಟ್ ಪಂಪ್ ಪಡೆದವರ ಪೈಕಿ ಒಂದು ವರ್ಷ ಬದುಕಿದವರು ಶೇ. 52, ಔಷಧವನ್ನಷ್ಟೇ ಪಡೆದವರ ಪೈಕಿ ಶೇ. 25. 2009ರಲ್ಲಿ ಸ್ಲಾಟರ್ ಮತ್ತು ಸಂಗಡಿಗರು ಮಿಡಿಯುವ ಎಕ್ಸ್‌ವಿಇ ಪಂಪನ್ನು, ಒಂದೇ ಸಮನೆ ತಿರುಗುವ ಹಾರ್ಟ್‌ಮೇಟ್ 2 ಜೊತೆ ತೂಗಿ ನೋಡಿದರು. ಎರಡು ವರ್ಷ ಬದುಕುಳಿದವರು ಹೊಸ ಪಂಪಿನಲ್ಲಿ ಶೇ. 58, ಹಳೆಯದರಲ್ಲಿ ಶೇ. 24. ಮಿಡಿಯುವ ಪಂಪಿನ ಕಾಲ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.

ಹೊಸ ಪಂಪ್ ಪಡೆದ ರೋಗಿಯ ರಕ್ತದೊತ್ತಡ ಅಳೆಯುವುದೇ ಬೇರೆ ಬಗೆ. ಮಣಿಕಟ್ಟಿನಲ್ಲಿ ನಾಡಿ ಸಿಗದಿರುವುದು ಸಾಮಾನ್ಯ. ಸ್ಟೆತಸ್ಕೋಪಿಗೆ ಮೋಟಾರಿನ ಗುಂಯ್ ಸದ್ದಷ್ಟೇ ಕೇಳುತ್ತದೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಮೊಣಕೈ ಮಡಿಕೆಯಲ್ಲಿ ಡಾಪ್ಲರ್ ಹಿಡಿದು, ನಿಧಾನವಾಗಿ ಗಾಳಿ ಬಿಡುವಾಗ ಹರಿವಿನ ಸದ್ದು ಮರಳಿ ಕೇಳಿಬರುವ ಒಂದೇ ಅಂಕಿಯನ್ನು ದಾಖಲಿಸುತ್ತಾರೆ. ಇಷ್ಟು ಕಣ್ಣಿಗೆ ಕಟ್ಟುವ ಕೊರತೆ ಎದುರಿಗಿರುವಾಗ ಎಲ್ಲ ತೊಡಕನ್ನೂ ಅದರ ತಲೆಗೇ ಕಟ್ಟುವ ಮನಸ್ಸಾಗುವುದು ಸಹಜ.

ಮಿಡಿತದ ವಾದಕ್ಕೆ ಬಲ ತಂದ ಲೇಖನ ಕ್ರೌ ಮತ್ತು ಸಂಗಡಿಗರದು (2009). ಮಿಡಿತವಿಲ್ಲದ ಪಂಪ್‌ಗಳಲ್ಲಿ ನೂರು ರೋಗಿ-ವರ್ಷಗಳಿಗೆ 63 ಕರುಳಿನ ರಕ್ತಸ್ರಾವಗಳು, ಮಿಡಿಯುವ ಪಂಪ್‌ಗಳಲ್ಲಿ 6.8. ಸುಮಾರು ಒಂಬತ್ತು ಪಟ್ಟಿನ ಈ ಅಂತರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂತರ ಯಾವುದರಿಂದ ಬಂತು? ಎಕ್ಸ್‌ವಿಇಯ ಒಳಮೈಯನ್ನು ಬೇಕೆಂದೇ ಒರಟಾಗಿ ಮಾಡಲಾಗಿತ್ತು. ರಕ್ತದಿಂದಲೇ ಅದರ ಮೇಲೊಂದು ಪದರ ಕಟ್ಟಿಕೊಳ್ಳುತ್ತಿದ್ದುದರಿಂದ ಸಾಮಾನ್ಯವಾಗಿ ಆಸ್ಪಿರಿನ್ ಸಾಕಾಗುತ್ತಿತ್ತು. ಹಾರ್ಟ್‌ಮೇಟ್ 2 ರೋಗಿಗೆ ಆಸ್ಪಿರಿನ್ ಜೊತೆ ವಾರ್ಫರಿನ್ ಕೂಡ ಬೇಕು. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಮಾಣಿಕ್ಯದ ಬೇರಿಂಗ್ ಮೇಲೆ ನಿಮಿಷಕ್ಕೆ ಸುಮಾರು 9,000 ಸುತ್ತು ತಿರುಗುವ ರೋಟರಿನ ಇಕ್ಕಟ್ಟಿನಲ್ಲಿ ರಕ್ತ ಹಾಯಬೇಕು. ಮಿಡಿಯುವ ಪಂಪಿನಲ್ಲಿ ಈ ಬಗೆಯ ಎಳೆದಾಟವಿಲ್ಲ. ಅಂದರೆ ಒಂದು ಪಂಪಿನಿಂದ ಇನ್ನೊಂದಕ್ಕೆ ಬಂದಾಗ ಬದಲಾದವು ಮೂರು: ಮಿಡಿತ, ಔಷಧ, ಶಿಯರ್ (ಪಕ್ಕಪಕ್ಕದ ಪದರಗಳು ಬೇರೆ ಬೇರೆ ವೇಗದಲ್ಲಿ ಸರಿಯುವಾಗ ಹುಟ್ಟುವ ಎಳೆತ). ಹೆಸರು ಬಂದದ್ದು ಒಂದಕ್ಕೆ ಮಾತ್ರ.

ಶಿಯರ್‌ನ ಕೆಲಸ ವಾನ್ ವಿಲ್ಲೆಬ್ರಾಂಡ್ ಅಂಶದ ಮೇಲೆ ನಡೆಯುತ್ತದೆ. ಗಾಯವಾದಲ್ಲಿ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುವ ಈ ಪ್ರೋಟೀನಿನ ಉದ್ದನೆಯ ಸರಪಳಿಗಳೇ ಹೆಚ್ಚು ಪರಿಣಾಮಕಾರಿ. ವೇಗದ ಹರಿವಿನ ಎಳೆತಕ್ಕೆ ಸರಪಳಿ ಬಿಚ್ಚಿಕೊಂಡು ನೀಳವಾದಾಗ ಎಡಿಎಎಂಟಿಎಸ್13 ಎಂಬ ಕಿಣ್ವ ಅದನ್ನು ತುಂಡರಿಸುತ್ತದೆ. ಕ್ರೌ ತಂಡವೇ ಮರುವರ್ಷ ನಿರಂತರ ಹರಿವಿನ ಪಂಪ್ ಪಡೆದ 37 ರೋಗಿಗಳನ್ನು ಪರೀಕ್ಷಿಸಿ, ಎಲ್ಲರಲ್ಲೂ ಉದ್ದ ಸರಪಳಿಗಳು ಕುಗ್ಗಿದ್ದನ್ನು ವರದಿ ಮಾಡಿತು.

ಇದಕ್ಕೆ ಮಿಡಿತವಾದಿಗಳ ಉತ್ತರ ಗೊತ್ತಿರುವುದೇ. 1958ರಲ್ಲಿ ಎಡ್ವರ್ಡ್ ಹೈಡ್ ಗುರುತಿಸಿದ ನಂಟನ್ನು ಅವರು ಮುಂದಿಡುತ್ತಾರೆ: ಮಹಾಪಧಮನಿಯ ಕವಾಟ ಸಂಕುಚಿತಗೊಂಡವರಲ್ಲಿ ಕರುಳಿನ ರಕ್ತಸ್ರಾವ ಕಾಣುತ್ತದೆ, ಅವರ ನಾಡಿಯೂ ಕ್ಷೀಣ. ಆದರೆ ಈ ರೋಗದಲ್ಲಿ ಕಿರಿದಾದ ಕವಾಟದಿಂದ ರಕ್ತ ಚಿಮ್ಮುವಾಗ ಶಿಯರ್ ಕೂಡ ಹೆಚ್ಚು. ಹೀಗೆ ಎರಡೂ ಕಾರಣಗಳು ಒಟ್ಟಿಗಿರುವ ರೋಗ ಯಾವ ಪಕ್ಷಕ್ಕೂ ಸಾಕ್ಷಿಯಾಗಲಾರದು. ನಾವು ನೋಡಬೇಕಾದದ್ದು ಇವೆರಡೂ ಬೇರೆಯಾಗಿ ನಿಲ್ಲುವ ಕಡೆ.

ಅಂಥ ಎರಡು ಸಂದರ್ಭಗಳಿವೆ, ಎಲ್‌ವ್ಯಾಡ್ ಚರ್ಚೆಯಲ್ಲಿ ಅವಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಮೊದಲನೆಯದು, ಹೃದಯದ ಸ್ನಾಯು ದಪ್ಪವಾಗಿ ರಕ್ತದ ಹೊರದಾರಿಯನ್ನು ಅಡ್ಡಗಟ್ಟುವ ಕಾಯಿಲೆ. ಇದರಲ್ಲಿ ನಾಡಿ ಕ್ಷೀಣವಲ್ಲ, ಬೆರಳಿಗೆ ಜೋರಾಗಿ ಕುಟ್ಟುವಂಥದು. ಆದರೂ ಉದ್ದ ಸರಪಳಿಗಳು ನಷ್ಟವಾಗುತ್ತವೆ, ಕೆಲವರಲ್ಲಿ ಕರುಳು ಸೋರುತ್ತದೆ. ಎರಡನೆಯದು ಇನ್ನೂ ನೇರವಾದದ್ದು: ವಂಶಪಾರಂಪರ್ಯವಾಗಿ ಬಂದ ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ಉದ್ದ ಸರಪಳಿಗಳಿಲ್ಲದ 2ಎ ಬಗೆ ಮತ್ತು ಈ ಪ್ರೋಟೀನೇ ಇಲ್ಲದಂತಾಗುವ 3ನೇ ಬಗೆಯವರ ಕರುಳಿನಲ್ಲಿ, ಎಲ್‌ವ್ಯಾಡ್ ರೋಗಿಗಳಲ್ಲಿ ಕಾಣುವಂಥದೇ ನಾಳವಿಕಾರ ಕಾಣಿಸಿಕೊಳ್ಳುತ್ತದೆ. ಇವರ ಹೃದಯಕ್ಕಾಗಲಿ ನಾಡಿಗಾಗಲಿ ಏನೂ ಆಗಿಲ್ಲ. ಈ ಪ್ರೋಟೀನ್ ಕುಗ್ಗಿದರೆ ನಾಳದ ಒಳಪದರದ ಕೋಶಗಳು ಹೊಸ ನಾಳಗಳನ್ನು ಹದ್ದುಮೀರಿ ಚಿಗುರಿಸುತ್ತವೆ ಎಂಬುದನ್ನು 2011ರಲ್ಲಿ ಸ್ಟಾರ್ಕ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಹಾಗಾಗಿ ಸೋರುವುದಕ್ಕಷ್ಟೇ ಅಲ್ಲ, ನಾಳ ವಿಕಾರಗೊಳ್ಳುವುದಕ್ಕೂ ಮಿಡಿತದ ಅಭಾವ ಅನಿವಾರ್ಯವಲ್ಲ.

ವೆವರ್-ಪಿನ್ಜೋನ್ ಮತ್ತು ಸಂಗಡಿಗರ 2013ರ ಅಧ್ಯಯನವನ್ನು ಬದಿಗಿಡುವಂತಿಲ್ಲ. ಹಾರ್ಟ್‌ಮೇಟ್ 2 ಪಡೆದವರಲ್ಲೇ ಮಿಡಿತದ ಸೂಚ್ಯಂಕ ಕಡಿಮೆಯಿದ್ದವರಿಗೆ ರಕ್ತಸ್ರಾವ ಹೆಚ್ಚು ಎಂದು ಅದು ಕಂಡುಕೊಂಡಿತು. ಆದರೆ ಆ ಸೂಚ್ಯಂಕ ಧಮನಿಯಲ್ಲಿ ಅಳೆದದ್ದಲ್ಲ. ಪಂಪ್ ಎಳೆಯುವ ವಿದ್ಯುತ್ತು ಮತ್ತು ವೇಗದಿಂದ ಅಂದಾಜಿಸಿದ ಹರಿವಿನ ಏರಿಳಿತ. ರೋಗಿಯ ಸ್ವಂತ ಹೃದಯದಲ್ಲಿ ಎಷ್ಟು ಕಸುವು ಉಳಿದಿದೆ, ಪಂಪನ್ನು ಎಷ್ಟು ವೇಗಕ್ಕೆ ಇಟ್ಟಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. ವೇಗ ಏರಿಸಿದರೆ ಮಿಡಿತ ಕುಗ್ಗುತ್ತದೆ, ಶಿಯರ್ ಹೆಚ್ಚುತ್ತದೆ. ಮತ್ತೆ ಎರಡೂ ಜೊತೆಜೊತೆಗೆ.

ಹಾರ್ಟ್‌ಮೇಟ್ 3 ಈ ಗಂಟನ್ನು ಬಿಡಿಸೀತು ಎಂಬ ನಿರೀಕ್ಷೆಯಿತ್ತು. ಕಾಂತಬಲದಿಂದ ತೇಲುವ ಅದರ ರೋಟರಿನ ಸುತ್ತ ರಕ್ತಕ್ಕೆ ಧಾರಾಳ ದಾರಿಯಿದೆ; ಉದ್ದ ಸರಪಳಿಗಳೂ ಹಿಂದಿನದಕ್ಕಿಂತ ಹೆಚ್ಚು ಉಳಿಯುತ್ತವೆ. ಮೊಮೆಂಟಮ್ 3 ಪ್ರಯೋಗದ 2019ರ ಅಂತಿಮ ವರದಿಯಲ್ಲಿ ಕರುಳಿನ ರಕ್ತಸ್ರಾವ ಹೊಸ ಪಂಪಿನಲ್ಲಿ ಶೇ. 24.5, ಹಾರ್ಟ್‌ಮೇಟ್ 2ರಲ್ಲಿ ಶೇ. 30.9. ಇದನ್ನು ಶಿಯರ್‌ವಾದದ ಗೆಲುವೆಂದು ಬರೆದುಕೊಳ್ಳಲು ನಾನು ಹಿಂಜರಿಯುತ್ತೇನೆ. ಈ ಪಂಪ್ ಎರಡು ಸೆಕೆಂಡಿಗೊಮ್ಮೆ ಕ್ಷಣಕಾಲ ವೇಗ ತಗ್ಗಿಸಿ, ಏರಿಸಿ, ಒಂದು ಕೃತಕ ಮಿಡಿತವನ್ನೂ ಹುಟ್ಟಿಸುತ್ತದೆ. ಸಹಜ ನಾಡಿಗೆ ಹೋಲಿಸಿದರೆ ಅದು ತೀರಾ ಕ್ಷೀಣವಾದರೂ, ಲೆಕ್ಕಕ್ಕಿಲ್ಲ ಎನ್ನಲು ಆಧಾರ ಬೇಕು. ಇನ್ನು 2023ರ ಏರೀಸ್ ಪ್ರಯೋಗ: ಅದೇ ಪಂಪು, ಅದೇ ಕೃತಕ ಮಿಡಿತ, ವಾರ್ಫರಿನ್ ಬಗೆಯ ಔಷಧ ಎರಡೂ ಗುಂಪಿಗೆ; ಆಸ್ಪಿರಿನ್ ಮಾತ್ರ ಕೈಬಿಟ್ಟದ್ದಕ್ಕೆ ರಕ್ತಸ್ರಾವ ಶೇ. 34ರಷ್ಟು ಇಳಿಯಿತು. ಮಿಡಿತದ ಪಾಲೆಂದು ತಿಳಿದಿದ್ದ ಹೊರೆಯಲ್ಲಿ ಒಂದು ಭಾಗ ಮಾತ್ರೆಯದಾಗಿತ್ತು ಎಂದು ಶಂಕಿಸಲು ಇಷ್ಟು ಸಾಕು. ಎಕ್ಸ್‌ವಿಇ ರೋಗಿಗಳೂ ಆಸ್ಪಿರಿನ್ ನುಂಗುತ್ತಿದ್ದರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಸರಪಳಿ ಗಟ್ಟಿಯಿದ್ದಾಗ ತಡೆದುಕೊಳ್ಳಬಹುದಾದ ಔಷಧ, ಸರಪಳಿ ತುಂಡಾದಾಗ ದುಬಾರಿಯಾಯಿತೆಂದು ಓದುವುದು ನನಗೆ ಸರಿ ತೋರುತ್ತದೆ. ಬೇರೆ ಓದೂ ಸಾಧ್ಯ.

ಇಷ್ಟರ ಮೇಲೆ ನಾನು ಮುಂದಿಡುವ ಮಾತು: ಎಲ್‌ವ್ಯಾಡ್ ರೋಗಿಯ ಕರುಳು ಸೋರಲು ಪ್ರಧಾನ ಕಾರಣ ಶಿಯರ್‌ನಿಂದಾದ ಉದ್ದ ಸರಪಳಿಗಳ ನಷ್ಟ, ಮಿಡಿತದ ಅಭಾವ ಆ ನಷ್ಟವನ್ನು ತುಂಬಿಕೊಡುವ ದಾರಿಯನ್ನು ಕುಗ್ಗಿಸುತ್ತದೆ. ಎರಡನೆಯ ಭಾಗಕ್ಕೆ ಆಧಾರ ಫ್ರಾನ್ಸಿನ ಲೀಲ್ ನಗರದ ತಂಡದ 2018ರ ಕೆಲಸ. ಹಂದಿಗಳ ಮೇಲಿನ ಆ ಪ್ರಯೋಗಗಳಲ್ಲಿ, ಮಿಡಿತ ಹೆಚ್ಚಿದಾಗ ನಾಳದ ಒಳಪದರವು ಹೊಸ ವಾನ್ ವಿಲ್ಲೆಬ್ರಾಂಡ್ ಅಂಶವನ್ನು ರಕ್ತಕ್ಕೆ ಬಿಡುವುದು ಕಂಡಿತು. ನನ್ನ ಮಾತಿಗೆ ಮಿತಿಗಳಿವೆ. ‘ಪ್ರಧಾನ’ ಎಂಬುದಕ್ಕೆ ಪ್ರಮಾಣ ಕಟ್ಟಲು ನನ್ನಿಂದಾಗದು. ವಂಶಪಾರಂಪರ್ಯ ಕಾಯಿಲೆಯ ಸಾಕ್ಷ್ಯವು ಮಿಡಿತದ ಅಭಾವ ಅನಿವಾರ್ಯವಲ್ಲವೆಂದು ತೋರಿಸುತ್ತದೆಯೇ ಹೊರತು, ಅದೊಂದೇ ಇದ್ದರೆ ಸಾಲದು ಎಂದು ತೋರಿಸುವುದಿಲ್ಲ. ಸರಪಳಿ ಕುಗ್ಗಿದ 37 ಮಂದಿಯಲ್ಲಿ ಎಲ್ಲರಿಗೂ ರಕ್ತಸ್ರಾವವಾಗಲಿಲ್ಲ ಎಂಬ ಸಂಗತಿ ನನ್ನ ವಾದವನ್ನೂ ಕಾಡುತ್ತದೆ; ವಯಸ್ಸು, ಬಲಹೃದಯದ ದೌರ್ಬಲ್ಯ, ಮೂತ್ರಪಿಂಡದ ಸ್ಥಿತಿ ಇವುಗಳ ಪಾಲನ್ನು ಇಲ್ಲಿ ತೂಗಿಲ್ಲ.

ನೇರ ಪರೀಕ್ಷೆ ಯಾವುದೆಂದು ಹೇಳುವುದು ಸುಲಭ: ಒಂದೇ ಪಂಪು, ಒಂದೇ ಔಷಧ, ಸಮನಾದ ಶಿಯರ್, ಮಿಡಿತ ಮಾತ್ರ ಬೇರೆ. ಹಾರ್ಟ್‌ಮೇಟ್ 3ರ ಕೃತಕ ಮಿಡಿತವನ್ನು ಅರ್ಧದಷ್ಟು ರೋಗಿಗಳಲ್ಲಿ ನಿಲ್ಲಿಸಿ ನೋಡೋಣವೆಂದರೆ, ಪಂಪಿನ ಒಳಗೆ ರಕ್ತ ನಿಂತು ಹೆಪ್ಪುಗಟ್ಟದಂತೆ ತೊಳೆಯುವ ಕೆಲಸವೂ ಅದರದೇ. ಅದನ್ನು ನಿಲ್ಲಿಸುವ ಪ್ರಯೋಗಕ್ಕೆ ನೈತಿಕ ಸಮಿತಿ ಒಪ್ಪುವುದು ಕಷ್ಟ. ಹಂದಿಗಳಲ್ಲಿ ಅಳೆದದ್ದು ಗಂಟೆಗಳ ಲೆಕ್ಕದ ಬದಲಾವಣೆ, ಮನುಷ್ಯನ ಕರುಳಿನ ನಾಳಗಳು ವಿಕಾರಗೊಳ್ಳುವುದು ತಿಂಗಳುಗಟ್ಟಲೆ. ಪಂಪ್ ಕೂರಿಸುವ ಮೊದಲೇ ಕರುಳಿನ ಸ್ಥಿತಿಯನ್ನು ಕ್ಯಾಪ್ಸೂಲ್ ಕ್ಯಾಮೆರಾದಿಂದ ದಾಖಲಿಸಿ, ಅದೇ ರೋಗಿಗಳನ್ನು ಮುಂದೆ ಹಿಂಬಾಲಿಸಿದರೆ, ಆ ವಿಕಾರ ಪಂಪಿನಿಂದ ಬಂತೋ ಸೋತ ಹೃದಯದ ಜೊತೆಗೇ ಬಂದಿತ್ತೋ ಎಂಬ ಪ್ರಶ್ನೆಯಾದರೂ ಮೊದಲು ಇತ್ಯರ್ಥವಾದೀತು.