ಮೇಲಿನವರ ಪಗಾರ ಎಣಿಸಿದವರು

ಬೆಳಗಾವಿ ಜಿಲ್ಲೆಯ ದಿಗ್ಗೇವಾಡಿಯ ರೈತ ಬೆಳೆದ ಕಬ್ಬಿಗೆ ಟನ್ನಿಗೆ ಎಷ್ಟು ಸಿಗಬೇಕು ಎಂದು ಸರಕಾರ ದರ ಕಟ್ಟುತ್ತದೆ. ಅವನ ಹೊಲದಲ್ಲಿ ಕಳೆ ತೆಗೆಯುವವಳ ಕೂಲಿಗೂ ಸರಕಾರಿ ದರಪಟ್ಟಿ ಇದೆ. ಕೆಳಗಿನವರ ಗಳಿಕೆಯನ್ನು ಹೀಗೆ ಪೈಸೆ ಪೈಸೆ ಲೆಕ್ಕ ಹಾಕುವ ನಮ್ಮಲ್ಲಿ, ಮೇಲಿನವರ ಪಗಾರ ಎಣಿಸುವ ಕೆಲಸ ಮಾತ್ರ ತಡವಾಗಿ, ಅದೂ ಬಿಟ್ಟು ಬಿಟ್ಟು ನಡೆದಿದೆ.

ಭಾರತೀಯನ ಸರಾಸರಿ ವಾರ್ಷಿಕ ಆದಾಯ 20 ರೂಪಾಯಿ ಎಂದು ಅಂದಾಜು ಮಾಡಿದವರು ದಾದಾಭಾಯಿ ನವರೋಜಿ. ಅಂಥ ಸರಾಸರಿಯನ್ನು ಒಬ್ಬನ ಸಂಬಳದ ಪಕ್ಕದಲ್ಲಿಟ್ಟು ತೋರಿಸಿದವರು ಗಾಂಧೀಜಿ. 1924ರ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಅವರು, ದಂಡಿಯಾತ್ರೆಗೆ ಮುನ್ನ, 1930ರ ಮಾರ್ಚ್ 2ರಂದು ವೈಸರಾಯ್ ಇರ್ವಿನ್ನರಿಗೆ ಪತ್ರ ಬರೆದರು. ವೈಸರಾಯರ ಸಂಬಳ ತಿಂಗಳಿಗೆ 21,000 ರೂಪಾಯಿಗೂ ಹೆಚ್ಚು, ಅಂದರೆ ದಿನಕ್ಕೆ 700ಕ್ಕೂ ಮೇಲೆ. ಭಾರತೀಯನ ಸರಾಸರಿ ದಿನದ ಆದಾಯವೋ ಎರಡಾಣೆಗೂ ಕಡಿಮೆ. ಅಂತರ ಐದು ಸಾವಿರ ಪಟ್ಟನ್ನು ಮೀರುತ್ತದೆ ಎಂದು ಅವರೇ ಲೆಕ್ಕ ಮಾಡಿ ಬರೆದಿದ್ದರು. ಮರುವರ್ಷ ಕಾಂಗ್ರೆಸ್ಸಿನ ಕರಾಚಿ ಅಧಿವೇಶನ, ಸರಕಾರಿ ನೌಕರರ ಸಂಬಳ ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿ ಮೀರಬಾರದೆಂದು ಠರಾವು ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ ಠರಾವು ಕಾಗದದಲ್ಲೇ ಉಳಿಯಿತು.

ಆದರೂ 1956ರ ಕಂಪನಿ ಕಾಯ್ದೆ ಒಂದು ಕಡಿವಾಣ ಹಾಕಿತು: ಆಡಳಿತ ನಡೆಸುವವರಿಗೆಲ್ಲ ಸೇರಿ ಕೊಡುವ ಪಗಾರ ನಿವ್ವಳ ಲಾಭದ ಶೇ. 11ನ್ನು ಮೀರುವಂತಿಲ್ಲ. ಎರಡು ಪಂಚವಾರ್ಷಿಕ ಯೋಜನೆಗಳ ಲಾಭ ಯಾರ ಪಾಲಾಯಿತು ಎಂದು ನೋಡಲು 1960ರಲ್ಲಿ ಮಹಲನೋಬಿಸ್ ಸಮಿತಿ ಬಂತು. 1963ರಲ್ಲಿ ಸಮಾಜವಾದಿ ನಾಯಕ ಲೋಹಿಯಾ, ಪ್ರಧಾನಿಯ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿರುವಾಗ 27 ಕೋಟಿ ಜನ ಮೂರಾಣೆಯಲ್ಲಿ ದಿನ ದೂಡುತ್ತಿದ್ದಾರೆ ಎಂದು ಲೋಕಸಭೆಯನ್ನೇ ಅಲ್ಲಾಡಿಸಿದರು. ನೆಹರೂ ಅದು ಹದಿನೈದಾಣೆ ಎಂದರು. ಆ ಜಗಳದಲ್ಲಿ ಮೂರೋ ಹದಿನೈದೋ ಎಂಬ ಅರ್ಧ ಮಾತ್ರ ಮುಂದೆ ಅಧ್ಯಯನವಾಯಿತು. 25,000ದ ಅರ್ಧ ಮರೆತುಹೋಯಿತು. 1971ರಲ್ಲಿ ಪುಣೆಯ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ ಬಡತನದ ರೇಖೆಯನ್ನು ಕ್ಯಾಲೊರಿಯಲ್ಲಿ ಅಳೆದರು. ಆ ಬಳಿಕ ಮೂರು ದಶಕ ನಮ್ಮ ಪಂಡಿತರು ಬಡವನ ತಟ್ಟೆಯಿಂದ ಕಣ್ಣು ಕೀಳಲಿಲ್ಲ.

ಕರ್ನಾಟಕದಲ್ಲಿ ಇದೇ ಕಾಳಜಿ ತಾಲೂಕುಗಳ ರೂಪ ತಾಳಿತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಹೇಳಿತು. ದೊಡ್ಡ ಕೆಲಸವೇ. ಆದರೆ ತಾಲೂಕಿನ ಸರಾಸರಿಯಲ್ಲಿ ಕಾರ್ಖಾನೆಯ ಧಣಿಯೂ ಕಬ್ಬು ಕಡಿಯುವವನೂ ಒಂದೊಂದೇ ತಲೆ.

ದಿಕ್ಕು ಬದಲಿಸಿದ್ದು ಆದಾಯ ತೆರಿಗೆಯ ದಾಖಲೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ ಮತ್ತು ಥಾಮಸ್ ಪಿಕೆಟ್ಟಿ 1922ರಿಂದ 2000ದವರೆಗಿನ ತೆರಿಗೆ ಅಂಕಿಗಳನ್ನು ಕೆದಕಿ, ತುದಿಯ ಶೇ. 1 ಮಂದಿಯ ಪಾಲು ಎಂಬತ್ತರ ದಶಕದ ಆರಂಭದವರೆಗೆ ಇಳಿದು ಮತ್ತೆ ಏರಿದ್ದನ್ನು ತೋರಿಸಿದರು. 2024ರಲ್ಲಿ ಪಿಕೆಟ್ಟಿ ಮತ್ತು ಸಂಗಡಿಗರು ಆ ಲೆಕ್ಕ ಮುಂದುವರಿಸಿ, 2022-23ರಲ್ಲಿ ಈ ಶೇ. 1ರ ಕೈಯಲ್ಲಿ ದೇಶದ ಆದಾಯದ ಶೇ. 22.6, ಸಂಪತ್ತಿನ ಶೇ. 40.1 ಇದೆ ಎಂದರು. ತೆರಿಗೆ ಕಟ್ಟುವವರೇ ಕಡಿಮೆ ಇರುವ ದೇಶದಲ್ಲಿ ಇದೆಲ್ಲ ಅಂದಾಜು ಎಂಬ ತಕರಾರಿದೆ. ತಕರಾರಿನಲ್ಲಿ ಹುರುಳಿದೆ, ಆದರೆ ಆದಾಯ ಮುಚ್ಚಿಡುವ ಅನುಕೂಲ ಯಾರಿಗೆ ಹೆಚ್ಚು ಎಂಬುದನ್ನೂ ಕೇಳಬೇಕಲ್ಲ.

ಕಂಪನಿಯ ಮುಖ್ಯಸ್ಥರ ಪಗಾರವನ್ನು ನೌಕರರ ಪಗಾರದ ಪಕ್ಕದಲ್ಲಿಟ್ಟು ತೋರಿಸುವಂತೆ ಮಾಡಿದ್ದು 2013ರ ಕಂಪನಿ ಕಾಯ್ದೆ. ಷೇರುಪೇಟೆಯಲ್ಲಿರುವ ಪ್ರತಿ ಕಂಪನಿ, ನಿರ್ದೇಶಕರ ಸಂಬಳ ನಡುಮಟ್ಟದ ನೌಕರನ ಸಂಬಳದ ಎಷ್ಟು ಪಟ್ಟು ಎಂದು ವರ್ಷವರ್ಷ ಹೇಳಬೇಕಾಯಿತು. ಅಮೆರಿಕದ ಕಂಪನಿಗಳು ಇಂಥ ಅಂಕಿ ಕೊಡತೊಡಗಿದ್ದು 2018ರಲ್ಲಿ. 2017ರಲ್ಲಿ ಎನ್.ಆರ್. ನಾರಾಯಣ ಮೂರ್ತಿ ತಾವು ಕಟ್ಟಿದ ಇನ್ಫೋಸಿಸ್ ವಿರುದ್ಧವೇ ದನಿಯೆತ್ತಿದರು: ಬಹುಪಾಲು ನೌಕರರಿಗೆ ಶೇ. 6ರಿಂದ 8 ಏರಿಸಿ, ಮೇಲಿನವರಿಗೆ ಶೇ. 60-70 ಏರಿಸುವುದು ತರವಲ್ಲ ಎಂಬುದು ಅವರ ಆಕ್ಷೇಪ. ಮರುವರ್ಷವೇ ಕಾನೂನು ಸಡಿಲವಾಯಿತು, ಹೊಸ ಕಾಯ್ದೆಯಲ್ಲೂ ಉಳಿದಿದ್ದ ಶೇ. 11ರ ಮಿತಿ ದಾಟಲು ಕೇಂದ್ರದ ಅನುಮತಿ ಬೇಡ, ಷೇರುದಾರರ ಸಭೆಯ ಒಪ್ಪಿಗೆ ಸಾಕು. 2024-25ರಲ್ಲಿ ಇನ್ಫೋಸಿಸ್‌ ಮುಖ್ಯಸ್ಥರ ಗಳಿಕೆ 80.62 ಕೋಟಿ ರೂಪಾಯಿ, ದಿನಕ್ಕೆ ಸುಮಾರು 22 ಲಕ್ಷ. ಕರ್ನಾಟಕದ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಭಾಗಿಸಿದರೆ ಹೆಚ್ಚುಕಡಿಮೆ ಆರು ಸಾವಿರ ಪಟ್ಟು. ಗಾಂಧೀಜಿ ಹಿಡಿದದ್ದು ಸರಾಸರಿ ಆದಾಯ, ನಾನು ಹಿಡಿದದ್ದು ಕೂಲಿ. ಈಗಿನ ಗಳಿಕೆಯ ದೊಡ್ಡ ಪಾಲು ಷೇರಿನಿಂದ ಬಂದದ್ದು. ಕೊಡುವವರೂ ತೆರಿಗೆದಾರರಲ್ಲ, ಷೇರುದಾರರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ವೈಸರಾಯರ ಸಂಬಳ ಅಂದು ಅನ್ಯಾಯವಾಗಿ ಕಂಡಿದ್ದರೆ, ಇಂದಿನದು ಸಹಜವೆನಿಸುವುದು ಹೇಗೆ?

2013ರ ಕಾಯ್ದೆಯ ಲೆಕ್ಕದ ದೊಡ್ಡ ಕೊರತೆ ಕಾಣುವುದು ನಮ್ಮ ಸಕ್ಕರೆ ಸೀಮೆಯಲ್ಲೇ. ಷೇರುಪೇಟೆಯಲ್ಲಿರುವ, 1939ರಷ್ಟು ಹಳೆಯ ಉಗಾರ ಶುಗರ್ ವರ್ಕ್ಸ್‌ನಂಥ ಕಂಪನಿ ಈ ಅಂಕಿ ಕೊಡುತ್ತದೆ. ಸಹಕಾರಿ ಕಾರ್ಖಾನೆಗಳಿಗೂ ಪೇಟೆಗೆ ಬಾರದ ಖಾಸಗಿ ಕಾರ್ಖಾನೆಗಳಿಗೂ ಆ ಹಂಗಿಲ್ಲ. ಕೊಟ್ಟ ಕಡೆಯೂ ನಡುಮಟ್ಟದ ನೌಕರನೆಂದರೆ ಕಂಪನಿಯ ಹಾಜರಿ ಪುಸ್ತಕದಲ್ಲಿರುವವನು. ಗುತ್ತಿಗೆ ಕಾರ್ಮಿಕ ಅದರ ಹೊರಗೆ. ಕೂಲಿಕಾರರನ್ನು ಒದಗಿಸುವ ಮುಕಾದಮನಿಂದ ಮುಂಗಡ ಪಡೆದು, ಗಂಡ-ಹೆಂಡತಿ ಕೂಡಿ ನಸುಕಿನಲ್ಲೇ ಕಬ್ಬಿಗೆ ಇಳಿಯುವ ಕಟಾವು ಗ್ಯಾಂಗಿನವರಂತೂ ಯಾವ ಪಟ್ಟಿಯಲ್ಲೂ ಇಲ್ಲ. ಅತಿ ಕಡಿಮೆ ಗಳಿಸುವವರನ್ನು ಹೊರಗಿಟ್ಟರೆ ಅಂತರ ತಾನಾಗಿ ಕಿರಿದಾಗುತ್ತದೆ.

ರೈತನ ಪಾಲಿನ ಮೇಲಾದರೂ ಚರ್ಚೆ ನಡೆದಿದೆ. ಕೇಂದ್ರ ನೇಮಿಸಿದ್ದ ರಂಗರಾಜನ್ ಸಮಿತಿ 2012ರಲ್ಲಿ ಸಕ್ಕರೆ ಹಾಗೂ ಉಪಉತ್ಪನ್ನಗಳ ಆದಾಯದಲ್ಲಿ ಶೇ. 70 ಬೆಳೆಗಾರನಿಗೆ ಎಂದಿತು. 2013ರ ನವೆಂಬರಿನಲ್ಲಿ ರಾಯಬಾಗ ತಾಲೂಕಿನ ಕಂಕಣವಾಡಿಯ ಬೆಳೆಗಾರರೊಬ್ಬರು ಬೆಳಗಾವಿಯ ಸುವರ್ಣಸೌಧದ ಬಳಿಯ ಹೋರಾಟದಲ್ಲಿ ವಿಷ ಸೇವಿಸಿ ಪ್ರಾಣಬಿಟ್ಟರು. 2025ರ ನವೆಂಬರಿನಲ್ಲಿ ಇದೇ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕುಳಿತ ರೈತರು ಟನ್ನಿಗೆ 3,500 ಕೇಳಿದರು, ಸರಕಾರ 3,300ಕ್ಕೆ ತೀರ್ಮಾನಿಸಿತು. ಕಾರ್ಖಾನೆಯ ಮೇಲಿನವರಿಗೆ ಎಷ್ಟು ಹೋಗುತ್ತದೆ ಎಂಬುದು ಅಲ್ಲಿ ಮುಖ್ಯ ಪ್ರಶ್ನೆಯಾಗಲಿಲ್ಲ.

ಸಹಕಾರಿ ಕಾರ್ಖಾನೆಗಳ ವಾರ್ಷಿಕ ಸಭೆಗೆ ಹೋಗುವ ಸದಸ್ಯ ರೈತರು ಟನ್ನಿನ ದರದ ಜೊತೆಗೆ ಇನ್ನೆರಡು ಅಂಕಿಗಳನ್ನು ಲಿಖಿತವಾಗಿ ಕೇಳಲಿ: ಆಡಳಿತ ನಿರ್ದೇಶಕರಿಗೆ ವರ್ಷಕ್ಕೆ ತಗಲುವ ಒಟ್ಟು ವೆಚ್ಚ ಎಷ್ಟು, ಗುತ್ತಿಗೆಯವನಿಗೂ ಕಟಾವಿನವನಿಗೂ ದಿನಕ್ಕೆ ಸಿಗುವುದು ಎಷ್ಟು.