ಕಿಬ್ಬನಹಳ್ಳಿಯ ಕೈಗೊಡಲಿಗಳೂ ಬ್ರಹ್ಮಗಿರಿಯ ಕಲ್ಗೋರಿಗಳೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ತೆಂಗಿನ ತೋಟಗಳೂ ಕೊಬ್ಬರಿಯ ವ್ಯಾಪಾರವೂ ನೆನಪಿಗೆ ಬರುವುದು ಸಹಜ. ಈ ನೆಲದಲ್ಲಿ ಮಾನವನ ವಾಸವಾದರೋ ತೆಂಗಿಗಿಂತ ಬಹು ಹಿಂದಿನದು. ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯು ಹಳೆಯ ಶಿಲಾಯುಗದ ನೆಲೆಯೆಂದು ವಿದ್ವಾಂಸರಿಗೆ ಸುಪರಿಚಿತವಾದುದು. ಅಲ್ಲಿಯ ಕಲ್ಲಾಯುಧಗಳನ್ನು ಕುರಿತು ಎಂ. ಶೇಷಾದ್ರಿಯವರು 1955ರಲ್ಲಿ ಪ್ರತ್ಯೇಕ ಲೇಖನವನ್ನೇ ಪ್ರಕಟಿಸಿದರು.

ಪ್ರಾಗಿತಿಹಾಸವೆಂದರೆ ಗುಹೆಯೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಯೂರೋಪಿನ ಗ್ರಂಥಗಳ ಪ್ರಭಾವವಿದು. ಕರ್ನೂಲು ಸೀಮೆಯ ಬಿಲ್ಲಸುರ್ಗಮ್ಮಿನಲ್ಲಿ ಸುಣ್ಣಕಲ್ಲು ಕರಗಿ ಗುಹೆಗಳಾಗಿವೆ. ಬ್ರೂಸ್ ಫೂಟರು 1880ರ ದಶಕದಲ್ಲಿ ಅಲ್ಲಿ ಅಗೆಸಿ ಪ್ರಾಣಿಗಳ ಎಲುಬುಗಳನ್ನು ತೆಗೆದರು. ಕಬ್ಬಿಣ, ಮ್ಯಾಂಗನೀಸುಗಳ ಅದಿರನ್ನು ಹೊತ್ತ ಚಿಕ್ಕನಾಯಕನಹಳ್ಳಿಯ ಶಿಲಾಪಟ್ಟಿಯ ಸ್ವರೂಪವೇ ಬೇರೆ. ಇಲ್ಲಿ ಶೋಧಿಸಬೇಕಾದುದು ಗುಹೆಯನ್ನಲ್ಲ, ಬಯಲಿನ ಜಲ್ಲಿಯನ್ನು.

ಇನ್ನೊಂದು ಗೊಂದಲ ಇದಕ್ಕಿಂತ ಹಾನಿಕರ. ಕೈಗೊಡಲಿಯನ್ನೂ ಕಲ್ಗೋರಿಯ ಮಡಕೆಯನ್ನೂ ಒಂದೇ ಕಪಾಟಿನಲ್ಲಿಟ್ಟು 'ಪ್ರಾಚೀನ' ಎಂದು ಚೀಟಿ ಅಂಟಿಸಿಬಿಡುತ್ತೇವೆ. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ದೊರೆತ ಕೈಗೊಡಲಿಗಳ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಾಗಿದೆ. ಕಲ್ಲುಚಪ್ಪಡಿಗಳನ್ನು ಪೆಟ್ಟಿಗೆಯಂತೆ ನಿಲ್ಲಿಸಿ, ಒಂದು ಚಪ್ಪಡಿಯಲ್ಲಿ ಕಿಂಡಿ ಕೊರೆದು, ಸುತ್ತ ಗುಂಡುಗಳನ್ನಿರಿಸಿದ ಸಮಾಧಿಗಳಾದರೋ ಕಬ್ಬಿಣ ಬಲ್ಲ ಜನರವು. ಉತ್ತರ ಕರ್ನಾಟಕದ ಹಳ್ಳಿಗರು ಅಂಥವನ್ನು 'ಮೋರೇರ ಮನೆ' ಎಂದು ಕರೆಯುವರು. ಮನೆಯಲ್ಲದಿದ್ದರೂ ಆ ಹೆಸರಿನಲ್ಲಿ ಔಚಿತ್ಯವಿದೆ: ಸತ್ತವರ ಎಲುಬುಗಳೊಡನೆ ಕಪ್ಪು-ಕೆಂಪು ಮಡಕೆಗಳನ್ನೂ ಕಬ್ಬಿಣದ ಉಪಕರಣಗಳನ್ನೂ ಇಟ್ಟವರು ಅದನ್ನು ವಾಸಸ್ಥಾನವೆಂದೇ ಭಾವಿಸಿದ್ದಿರಬಹುದು.

ಈ ಸಮಾಧಿಗಳ ಕಾಲನಿರ್ಣಯಕ್ಕೆ ದಾರಿ ತೋರಿದುದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ. 1947ರಲ್ಲಿ ಮಾರ್ಟಿಮರ್ ವ್ಹೀಲರರು ಅಲ್ಲಿ ನಯಗೊಳಿಸಿದ ಕಲ್ಲುಕೊಡಲಿಯ ಜನ, ಬೃಹತ್ ಶಿಲಾಸಮಾಧಿಗಳ ಜನ, ಆಂಧ್ರ ಸಂಸ್ಕೃತಿಯ ಜನ ಎಂಬ ಕ್ರಮವನ್ನು ಪದರಗಳಿಂದ ಸಾಧಿಸಿದರು. ಮೇಲಿನ ಪದರದ ಮಡಕೆಗಳನ್ನು ಅರಿಕಮೇಡಿನವುಗಳೊಡನೆ ಹೋಲಿಸಿ, ಸಮಾಧಿಗಳ ಕಾಲವನ್ನು ಕ್ರಿಸ್ತಪೂರ್ವ 200ರ ಸುಮಾರಿಗೆ ಆರಂಭಿಸಿದರು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ನಾಗರಾಜರಾಯರು ನಡೆಸಿದ ಉತ್ಖನನದ ಇಂಗಾಲ ಪರೀಕ್ಷೆಗಳು ಕಬ್ಬಿಣದ ಕಾಲವನ್ನು ಕ್ರಿಸ್ತಪೂರ್ವ 1000ದ ಸಮೀಪಕ್ಕೆ ಒಯ್ದವು. ವ್ಹೀಲರರ ಅಂಕಿ ಬಿದ್ದಿತು, ಕ್ರಮ ಉಳಿಯಿತು. ಪದರಗಳನ್ನು ದಾಖಲಿಸಿದ್ದರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು.

ಕಿಬ್ಬನಹಳ್ಳಿಯ ವಿಷಯದಲ್ಲಿಯೂ ಅಪಾಯವಿರುವುದು ಇಲ್ಲಿಯೇ. ನೆಲದಿಂದ ಕಿತ್ತು ತಂದ ಕೈಗೊಡಲಿಗೆ ಆಕಾರವುಂಟು, ಕಾಲವಿಲ್ಲ. ತೋಟಕ್ಕೆ ಮಣ್ಣು ಹೊಡೆಯುವಾಗ, ಬಾವಿ ತೋಡುವಾಗ ಜಲ್ಲಿಯ ಪದರಗಳು ಕಲಸಿಹೋಗುತ್ತವೆ. ಅಂಥ ಕಲ್ಲನ್ನು ಕಂಡ ವಿದ್ಯಾರ್ಥಿಯು ಅದನ್ನೆತ್ತುವ ಮೊದಲು ಊರು, ಸರ್ವೆ ನಂಬರು, ಆಳ, ಮೇಲುಕೆಳಗಿನ ಮಣ್ಣಿನ ಬಣ್ಣ ಇಷ್ಟನ್ನು ಬರೆದುಕೊಂಡು ಪುರಾತತ್ವ ಇಲಾಖೆಗೆ ತಿಳಿಸತಕ್ಕದ್ದು.